ಕಪ್ಪೆಗೊಂದು ಕುಬಸ

ಮೊದಲೇ ಹೇಳಿಬಿಡುತ್ತೇನೆ: ಕಪ್ಪೆಗೆ ಮದುವೆ ಮಾಡಿದರೆ ಮಳೆ ಬರುವುದಿಲ್ಲ. ಮಳೆ ಬಂದದ್ದಕ್ಕೆ ಕಪ್ಪೆ ಕೂಗುತ್ತದೆಯೇ ಹೊರತು ಕಪ್ಪೆ ಕೂಗಿದ್ದಕ್ಕೆ ಮಳೆ ಬರುವುದಲ್ಲ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸಿ ನೋಡುವುದನ್ನು ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಕಲಿತೆ. ಅಲ್ಲಿಂದೀಚೆಗೆ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಊಟ ಮಾಡಿಲ್ಲ ಎಂದು ಅಮ್ಮನ ದೂರು. ಇರಲಿ. ಇಷ್ಟು ಖಚಿತವಾಗಿ ಮಾತಾಡುವವಳು ಹೋದ ವರ್ಷ ಜೂನಿನಲ್ಲಿ, ಮುಂಬೈ ಹತ್ತಿರದ ಠಾಕುರ್ಲಿಯ ನಮ್ಮ ಕಟ್ಟಡದ ಹಿಂದೆ ನಡೆಯಬೇಕಿದ್ದ ಕಪ್ಪೆ ಮದುವೆಗೆ ಏಕೆ ಹೋದಳು ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭ. ನಿಲ್ಲಿಸುವುದಕ್ಕೆ ಹೋದೆ.

ನಮ್ಮ ಕಟ್ಟಡದ ಹಿಂದೆ, ರೈಲು ಹಳಿಯ ಕಡೆಗೆ, ಒಂದು ತಗ್ಗು ಜಾಗವಿತ್ತು. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದ ನೆಲ, ಮಳೆಗಾಲದ ಮೊದಲ ದೊಡ್ಡ ಮಳೆಗೆ ಕೆರೆಯಾಗುತ್ತಿತ್ತು. ಅದೇ ದಿನ ಗೂಳಿಗಪ್ಪೆಗಳು ಬರುತ್ತಿದ್ದವು. ಲೋಕಲ್ ರೈಲು ಹಾದುಹೋಗುವಾಗಲೂ ಅವುಗಳ ಕೂಗು ಮುಚ್ಚಿಹೋಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವು ಆಕಾಶದಿಂದ ನೀರಿನ ಜೊತೆ ಬೀಳುತ್ತವೆ ಎಂದು ನಂಬಿದ್ದೆ. ಅವು ಎಲ್ಲಿಂದಲೂ ಬರುವುದಿಲ್ಲ, ಅಲ್ಲೇ ಇರುತ್ತವೆ ಎಂದು ಗೊತ್ತಾದದ್ದು ಕಾಲೇಜಿನಲ್ಲಿ. ಬೇಸಿಗೆಯಿಡೀ ಆ ಹುಡುಗರ ಕಾಲ ಕೆಳಗೆ, ಮಣ್ಣಿನ ತೇವದಲ್ಲಿ ಹುದುಗಿ, ಉಸಿರನ್ನೂ ಎದೆಬಡಿತವನ್ನೂ ಆದಷ್ಟು ಇಳಿಸಿಕೊಂಡು, ಮೂತ್ರಚೀಲದಲ್ಲಿ ಉಳಿಸಿಕೊಂಡ ನೀರಿನಲ್ಲೇ ದಿನ ದೂಡುತ್ತಾ ಅವು ಕಾಯುತ್ತವೆ. ಆ ಸಂಗತಿ ತಿಳಿದ ದಿನ ಮನೆಗೆ ಬಂದು ಬಾಲ್ಕನಿಯಲ್ಲಿ ನಿಂತು ಆ ಬೋಳು ನೆಲವನ್ನು ಬಹಳ ಹೊತ್ತು ನೋಡಿದ್ದು ನೆನಪಿದೆ.

ಈಗ ಕಲ್ಯಾಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮಳೆಗಾಲದ ಭಾನುವಾರಗಳಲ್ಲಿ ಗೆಳೆಯರೊಂದಿಗೆ ಸೀವುಡ್ಸ್‌ನ ಜವುಗು ನೆಲದಿಂದ ಘೋಡಬಂದರ್ ರಸ್ತೆಯ ಗುಡ್ಡದ ಅಂಚಿನವರೆಗೆ ಕಪ್ಪೆಯ ದನಿ ಗುರುತಿಸುತ್ತಾ ಅಲೆಯುತ್ತೇನೆ. ಪ್ರತಿ ವರ್ಷ ಯಾವುದೋ ಒಂದು ತಗ್ಗು ಮಣ್ಣು ತುಂಬಿಸಿಕೊಂಡು ಕಟ್ಟಡವಾಗುತ್ತದೆ. ಮರುವರ್ಷ ಅಲ್ಲಿ ಕಿವಿಗೊಟ್ಟರೆ ಕೇಳುವುದು ಲಿಫ್ಟಿನ ಸದ್ದು. ಹೋದ ವರ್ಷ ನಮ್ಮ ಹಿಂದಿನ ತಗ್ಗಿಗೂ ಆ ಸರದಿ ಬಂತು. ಸುತ್ತ ನೀಲಿ ತಗಡು ಎದ್ದಿತು, ಜೆಸಿಬಿ ಬಂತು, ಅದರ ಹಿಂದೆ ಕೆಲಸದವರ ಸಾಲು ಸಾಲು ತಗಡಿನ ಶೆಡ್‌ಗಳು ಬಂದವು.

ಆ ಶೆಡ್‌ಗಳ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ವಿಜಯಪುರದ ಕಡೆಯವಳು. ಮಗ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಇವಳು ಇಡೀ ತಂಡಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಕುಡಿಯುವ ನೀರಿಗೆಂದು ನಮ್ಮ ಕಟ್ಟಡದ ನಲ್ಲಿಗೆ ಬಂದಾಗ ವಾಚ್‌ಮನ್ ತಡೆದನಂತೆ. ಇವಳು ಅವನಿಗೆ ಕನ್ನಡದಲ್ಲೇ ಉಗಿದಳು. ಅದು ನಮ್ಮ ಮೂರನೇ ಮಾಳಿಗೆಯ ತನಕ ಕೇಳಿಸಿ, ಅಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಕೆಳಗಿಳಿದಳು.

"ನೀವೂ ಕನ್ನಡದವ್ರೇನ್ರಿ ಅಕ್ಕಾರ?" ಎಂದಳು ದೊಡ್ಡವ್ವ.

"ಹೌದು ಮಾರಾಯ್ತಿ. ಉಡುಪಿ."

ದೊಡ್ಡವ್ವ ಅಮ್ಮನ ಮಾತನ್ನು ಒಂದು ಕ್ಷಣ ತೂಗಿ ನೋಡಿದಳು. "ಅದೂ ಕನ್ನಡನೇ ಅನ್ರಿ," ಎಂದು ದೊಡ್ಡ ಮನಸ್ಸು ಮಾಡಿದಳು.

ಅಮ್ಮ ಆ ಮಾತಿಗೆ ಎರಡು ದಿನ ಕುದಿದಳು. ಮೂರನೇ ದಿನ ಇಬ್ಬರೂ ಗೆಳತಿಯರು.

ದೊಡ್ಡವ್ವನ ಸೊಸೆಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಮಳೆ ತಡವಾಗಿದ್ದ ಆ ಜೂನಿನಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಹೇಗಿರುತ್ತಿತ್ತು ಎಂದು ವಿವರಿಸುವುದಿಲ್ಲ. ಒಳಗೆ ಕಾಲಿಟ್ಟರೆ ಕನ್ನಡಕ ಬಿಸಿಯಾಗುತ್ತಿತ್ತು. ಮಧ್ಯಾಹ್ನ ನಮ್ಮ ಮನೆಗೆ ಬಂದು ಫ್ಯಾನಿನ ಕೆಳಗೆ ಮಲಗು ಎಂದು ಅಮ್ಮ ಕರೆದಳು. ಹುಡುಗಿ ಒಂದು ಸಲ ಬಂದಳು, ಸೋಫಾದ ಅಂಚಿನಲ್ಲಿ ಕೂತಳು, ಕೊಟ್ಟ ಮಜ್ಜಿಗೆ ಕುಡಿದಳು, ಎದ್ದು ಹೋದಳು. ಮತ್ತೆ ಬರಲಿಲ್ಲ. ಏಕೆ ಎಂದು ಕೇಳಿದ್ದಕ್ಕೆ, "ಮಂದಿ ಮನ್ಯಾಗ ಹೆಂಗ ಕಾಲ ಚಾಚೂದ್ರಿ ಅಕ್ಕಾ," ಎಂದಳು.

ಇದಕ್ಕೆ ನನ್ನಲ್ಲಿ ಒಳ್ಳೆಯ ಪ್ರತಿವಾದವಿತ್ತು. ಹೇಳಿದೆ ಕೂಡ. ಅವಳು ಪೂರ್ತಿ ಕೇಳಿಸಿಕೊಂಡು, ಹೌದ್ರಿ ಎಂದು ಒಪ್ಪಿ, ಬರಲಿಲ್ಲ.

ಹೀಗಿರುವಾಗ ಪಾಯ ತೋಡುತ್ತಿದ್ದ ಜೆಸಿಬಿಯ ಬಾಯಿಂದ, ಹಸಿ ಜೇಡಿಯ ಹೆಂಟೆಯ ಜೊತೆ, ಎರಡು ಗೂಳಿಗಪ್ಪೆಗಳು ಉರುಳಿಬಿದ್ದವು. ಒಂದು ದೊಡ್ಡದು, ಒಂದು ಅದಕ್ಕಿಂತ ಸಣ್ಣದು. ದೊಡ್ಡವ್ವನಿಗೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. ಅವಳ ಊರಿನಲ್ಲಿ ಮಳೆ ಕೈಕೊಟ್ಟಾಗ ಮಾಡುವುದು ಕಪ್ಪೆ ಮದುವೆ. ಇಲ್ಲಿ ವಧೂವರರೇ ನೆಲದಿಂದ ಎದ್ದು ಬಂದಿದ್ದಾರೆ. ಎರಡನ್ನೂ ಗಾರೆ ಹೊರುವ ಕಬ್ಬಿಣದ ಘಮೇಲದಲ್ಲಿಟ್ಟು, ಒದ್ದೆ ಗೋಣಿ ಮುಚ್ಚಿ, ಕೆಲಸಕ್ಕೆ ರಜೆ ಇರುವ ಭಾನುವಾರ ಸಂಜೆಗೆ ಮುಹೂರ್ತ ಇಟ್ಟಳು. ಮದುವೆಯಾದ ಮೇಲೆ ಜೋಡಿಯನ್ನು ಗಡಿಗೆಯ ಕೆಳಗೆ ಇಡುವುದು, ಮಳೆ ಬಿದ್ದ ಮೇಲೆಯೇ ಬಿಡುವುದು. ಸೊಸೆಗೆ ಬೇನೆ ಬರುವ ಮೊದಲು ತಗಡು ತಣ್ಣಗಾಗಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಅಮ್ಮ ಈ ಸುದ್ದಿ ತಂದಾಗ ನಾನು ಮಕ್ಕಳ ಪ್ರಯೋಗದ ಜರ್ನಲ್ ತಿದ್ದುತ್ತಿದ್ದೆ. ಮನೆಯಲ್ಲಿ ನಮ್ಮ ಮಾತು ತುಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾಳೆ ಮದುವೆ ಉಂಟು. ಅರಿಶಿನ ಕುಂಕುಮ ನಮ್ಮದು ಅಂತ ಹೇಳಿದ್ದೇನೆ."

"ಯಾರದ್ದು?"

"ಕಪ್ಪೆದು."

"ಅಮ್ಮ, ಕಪ್ಪೆಗೆ ಅರಿಶಿನ ಹಚ್ಚುವುದೂ ಅದರ ಮೂಗಿಗೆ ಅರಿಶಿನ ತುರುಕುವುದೂ ಒಂದೇ. ಅದು ಚರ್ಮದಲ್ಲೂ ಉಸಿರಾಡುತ್ತೆ."

"ಮದುವೆಗೆ ಕರೆದಿದ್ದಾರೆ. ಕೈ ಬೀಸಿಕೊಂಡು ಹೋಗುದಾ?"

"ಮಳೆ ಬರುವ ತನಕ ಗಡಿಗೆಯಲ್ಲಿಟ್ಟರೆ ಒಣಗಿ ಸಾಯ್ತವೆ. ಹಿಂದಿನ ಜಾಗದಲ್ಲಿ ಉಳಿದಿರುವುದೇ ಅವೆರಡೋ ಏನೋ."

ಅಮ್ಮ ಅರಿಶಿನದ ಡಬ್ಬಿ ತೆಗೆದು ಸೆರಗಿನಲ್ಲಿ ಒರೆಸಿದಳು. "ಹಾಗಾದ್ರೆ ಬಂದು ಹೇಳು. ನಿನ್ನ ಭಾಷಣ ನನಗೊಬ್ಬಳಿಗೆ ಸಾಕಾಗಿದೆ, ಅವರಿಗೂ ಸ್ವಲ್ಪ ಸಿಗಲಿ."

ಭಾನುವಾರ ಸಂಜೆ ಬಿಸಿಲು ಇನ್ನೂ ಇರುವಾಗಲೇ ಹೋದೆವು. ಶೆಡ್‌ಗಳ ನಡುವಿನ ಜಾಗಕ್ಕೆ ನೀರು ಹಾಕಿ ಗುಡಿಸಿದ್ದರು. ಬೇವಿನ ಎಲೆಯ ಚಪ್ಪರ, ಅದೂ ಅಳತೆಗೆ ತಕ್ಕಂತೆ ಮೊಣಕಾಲೆತ್ತರದ್ದು. ಏಳೆಂಟು ಹೆಂಗಸರು ಸೋಬಾನೆ ಹಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸೊಸೆ ಒಂದು ಸಿಮೆಂಟ್ ಇಟ್ಟಿಗೆಯ ಮೇಲೆ, ಸೊಂಟಕ್ಕೆ ಕೈ ಕೊಟ್ಟು ಕೂತಿದ್ದಳು. ಘಮೇಲದೊಳಗೆ ದೊಡ್ಡ ಕಪ್ಪೆಯ ಬೆನ್ನ ಮೇಲೆ ಬಿಳಿ ಬಟ್ಟೆಯ ಚೂರು, ಅದು ಪಂಚೆ. ಸಣ್ಣದರ ಮೇಲೆ ಹಸಿರು ರಿಬ್ಬನ್, ಅದು ಸೀರೆ.

ನಾನು ನೇರವಾಗಿ ಶುರು ಮಾಡಿದೆ. ಇದು ಕಾನೂನಿನ ರಕ್ಷಣೆ ಇರುವ ಪ್ರಾಣಿ, ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದೆ.

"ನಾವೇನು ತಿಂತೀವೇನು?" ಎಂದಳು ದೊಡ್ಡವ್ವ. "ಮದಿವಿ ಮಾಡಾಕತ್ತೀವಿ. ನಿಮ್ಮ ಕಾನೂನಿಗಿ ಕಪ್ಪಿ ಲಗ್ನ ಆದ್ರ ಏನ್ ತ್ರಾಸ?"

ಮಳೆ ಹೇಗೆ ಬರುತ್ತದೆ ಎಂದು ವಿವರಿಸಿದೆ. ಸಮುದ್ರ, ಗಾಳಿ, ಮೋಡ. ಕರ್ನಾಟಕದ ಕರಾವಳಿಯನ್ನು ಈಗಾಗಲೇ ದಾಟಿದ ಮಳೆ ಇಲ್ಲಿಗೆ ಬರದೇ ಎಲ್ಲಿ ಹೋಗುತ್ತದೆ, ಮದುವೆ ಮಾಡದಿದ್ದರೂ ಬಂದೇ ಬರುತ್ತದೆ ಎಂದೆ.

"ಅಂದ್ರ ಮಾಡಿದ್ರೂ ಬರ್ತದ ಹೌದಿಲ್ಲೊ?"

"ಬರುತ್ತೆ. ಆದರೆ..."

"ಮತ್ತ್ಯಾಕ ಜಗಳಾ? ಕೂಡ್ರವ್ವ."

ಇಷ್ಟು ಅಚ್ಚುಕಟ್ಟಾಗಿ ನನ್ನ ಮಾತನ್ನೇ ನನ್ನ ಮೇಲೆ ತಿರುಗಿಸಿದವರನ್ನು ರಾಜ್ಯಮಟ್ಟದ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ತರ್ಕ ಬಿಟ್ಟು ಚರ್ಮಕ್ಕೆ ಬಂದೆ. ಕಪ್ಪೆ ಬಾಯಿಂದ ನೀರು ಕುಡಿಯುವುದೇ ಇಲ್ಲ, ಹೊಟ್ಟೆಯ ಕೆಳಗೂ ತೊಡೆಯ ಸಂದಿಯಲ್ಲೂ ಇರುವ ತೆಳು ಚರ್ಮದಿಂದ ಒದ್ದೆ ನೆಲದ ನೀರನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಹಚ್ಚಿದ್ದೆಲ್ಲ ಒಳಗೆ ಹೋಗುತ್ತದೆ ಎಂದೆ. ಹೆಂಗಸರು ಆಸಕ್ತಿಯಿಂದ ಕೇಳಿದರು.

"ಅಂದ್ರ ಕುಂಡಿ ಊರಿ ಕುಂತ್ರ ನೀರ ಕುಡದಂಗ?" ಎಂದಳು ಹಿಂದಿದ್ದ ಒಬ್ಬಳು.

"ಹಾಗೇ."

"ಹಿಂತಾ ವರಾ ನನಗ ಸಿಗಬೇಕಿತ್ತ ನೋಡು. ಚರಿಗಿ ತುಂಬಿ ಕೊಡೂ ಕೆಲಸ ಇಲ್ಲ."

ನಗು ಎದ್ದಿತು. ದೊಡ್ಡವ್ವ ನಗಲಿಲ್ಲ. ಅಮ್ಮ ತಂದ ಡಬ್ಬಿ ತೆರೆದು ಅರಿಶಿನಕ್ಕೆ ನೀರು ಹಾಕಿ ಕಲಸತೊಡಗಿದಳು. "ನೀ ಹೇಳೂದು ಖರೇ ಇರಬಹುದು ತಂಗಿ. ಆದ್ರ ಅರಿಷಿಣ ಇಲ್ದ ಮದಿವಿ ಹೆಂಗಾಗ್ತದ? ಮೈಗಿ ಬ್ಯಾಡಾ, ತುಸು ಹಣಿಗಿ ಹಚ್ತೀನಿ."

"ಅದಕ್ಕೆ ಹಣೆಯೂ ಚರ್ಮವೇ."

"ಎಲ್ಲಾರಿಗೂ ಹಂಗೇ ಅದ."

ಹಾಗೆನ್ನುತ್ತಾ ಅವಳು ದೊಡ್ಡ ಕಪ್ಪೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಎತ್ತಿದ್ದೇ ತಡ ಅದು ಅವಳ ಮೊಣಕೈ ತನಕ ಉಚ್ಚೆ ಹೊಯ್ದಿತು. ಮದುಮಗ ಹೆದರ್ಯಾನ ಎಂದು ಮತ್ತೆ ನಗು. ನನಗೆ ಮಾತ್ರ ಗೊತ್ತಿತ್ತು: ಅದು ಬೇಸಿಗೆಯಿಡೀ ಕೂಡಿಟ್ಟುಕೊಂಡಿದ್ದ ನೀರು. ಆಗಲೇ ಅದರ ಹೊಟ್ಟೆ ನನ್ನ ಕಡೆ ತಿರುಗಿದ್ದು. ಬದಿಗಳು ಊದಿಕೊಂಡಿದ್ದವು, ಚರ್ಮ ಬಿಗಿದು ಒಳಗೆ ಕಪ್ಪು ಕಾಳು ತುಂಬಿದ ಚೀಲದಂತಿತ್ತು. ಗಂಟಲು ನುಣುಪು. ಸಣ್ಣದರ ಗಂಟಲ ಎರಡೂ ಕಡೆ, ಗಾಳಿ ತೆಗೆದ ಬಲೂನಿನ ಹಾಗೆ, ಮಡಿಸಿಟ್ಟ ಬೂದು ಚರ್ಮ ಕಾಣುತ್ತಿತ್ತು. ಕೂಗುವ ಚೀಲ. ಅದು ಗಂಡಿಗೆ ಮಾತ್ರ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ವಾದ ಕೈಬಿಟ್ಟಿದ್ದೆ. ಸೋತವರು ಏಳುವ ಮುಂಚೆ ಒಂದು ಕುಟುಕು ಬಿಡುತ್ತಾರಲ್ಲ, ಹಾಗೆ ಬಂತು ಮಾತು.

"ದೊಡ್ಡವ್ವ, ಪಂಚೆ ಉಟ್ಟಿರೋದು ಹೆಣ್ಣು. ರಿಬ್ಬನ್ ಸುತ್ತಿರೋದು ಗಂಡು. ಈ ಕಪ್ಪೆಗಳಲ್ಲಿ ಹೆಂಡತಿಯೇ ದೊಡ್ಡದು."

"ಏ, ಗಂಡ ದೊಡ್ಡಾಂವ ಇರ್ತಾನ."

"ಯಾರ ಮನ್ಯಾಗ?" ಎಂದಳು ಹಿಂದಿನವಳು. "ನಮ್ಮಾಂವ ನನ್ನ ಭುಜಕ್ಕ ಬರ್ತಾನ."

"ಅಷ್ಟೇ ಅಲ್ಲ," ಎಂದೆ. "ನಿಮ್ಮ ಮದುಮಗ ಬಸುರಿ. ಹೊಟ್ಟೆ ತುಂಬ ಮೊಟ್ಟೆ. ಮಳೆ ಬಿದ್ದ ದಿನವೇ ಇಡಬೇಕು ಅಂತ ಹೊತ್ತುಕೊಂಡು ಕೂತಿದ್ದಾಳೆ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ಬಸುರ ಮದುಮಗ, ಬಸುರ ಮದುಮಗ ಎಂದು ಉರುಳಾಡುತ್ತಿದ್ದಳು. ದೊಡ್ಡವ್ವ ಕಪ್ಪೆಯನ್ನು ಮೆಲ್ಲಗೆ ಎತ್ತರಕ್ಕೆ ಹಿಡಿದು ಹೊಟ್ಟೆ ನೋಡಿದಳು. ಹೆಬ್ಬೆರಳಿನ ಹಿಂಬದಿಯಿಂದ, ಒತ್ತದೆ, ಮುಟ್ಟಿದಳು.

"ತತ್ತಿ ಅದಾವೇನು ಖರೇನ?"

"ಖರೇ."

"ತುಂಬಿದ ಬಸುರಿ?"

"ತುಂಬಿದ ಬಸುರಿ."

ಅವಳು ಪಂಚೆಯ ಚೂರನ್ನು ಕಿತ್ತು ಎಸೆದಳು. "ಬಸುರಿಗಿ ಲಗ್ನ ಮಾಡ್ತಾರೇನ? ಯಾರ್ಯಾರ ನಗ್ತೀರಿ ಬಾಯಿ ಮುಚ್ಚರಿ. ಅರಿಷಿಣ ಒಳಗ ಇಡರಿ. ಬಸುರಿಗಿ ಮಾಡೂದು ಕುಬಸ. ಕುಬಸ ಮಾಡಿ ತವರಿಗಿ ಕಳಿಸೂದು."

ಕುಬಸ ಎಂದರೆ ನಮ್ಮ ಕಡೆಯ ಸೀಮಂತದಂತೆ. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಸೀರೆ, ಹಸಿರು ಬಳೆ ಇಟ್ಟು ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ, ಕುಬಸದ ಕಣ ಅಂದರೆ ರವಿಕೆಯ ಬಟ್ಟೆ. ಆಮೇಲೆ ಹೆರಿಗೆಗೆ ತವರಿಗೆ ಹೋಗುವುದು. ನಾನು ತಕ್ಷಣ, "ಇದರ ತವರು ನೀರು," ಎಂದೆ. ದೊಡ್ಡವ್ವ ನನ್ನನ್ನು ನೋಡಿದ ರೀತಿಗೆ, ಅದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ ಎಂದು ಅರ್ಥವಾಯಿತು.

ಹೊಸ ಏರ್ಪಾಡು ಬೇಗ ಆಯಿತು. ಹಸಿರು ಸೀರೆ ಎಲ್ಲಿಂದ ತರುವುದು ಎಂದು ಒಬ್ಬಳು ಕೇಳಿದ್ದಕ್ಕೆ ದೊಡ್ಡವ್ವ ಕಪ್ಪೆಯ ಬೆನ್ನು ತೋರಿಸಿದಳು. ಗಾಢ ಹಸಿರು, ನಡುವೆ ಮೂಗಿನಿಂದ ಸೊಂಟದ ತನಕ ಒಂದು ತೆಳು ಹಳದಿ ಗೆರೆ. "ಉಟಗೊಂಡೇ ಬಂದಾಳ. ಜರಿನೂ ಅದ." ಮದುವೆಗೆಂದು ತಂದಿದ್ದ ಹಸಿರು ಗಾಜಿನ ಬಳೆಗಳನ್ನು ಘಮೇಲದ ಅಂಚಿಗೆ ಸಾಲಾಗಿ ಜೋಡಿಸಿದರು. ಉಡಿಗೆ ಅಕ್ಕಿಯ ಬದಲು ಹಸಿ ಮಣ್ಣು ಹಾಕಿರಿ ಎಂದು ನಾನು ಕೇಳಿಕೊಂಡೆ, ಒಪ್ಪಿದರು. ಅರಿಶಿನದ ಬದಲು ತಣ್ಣೀರು ಚಿಮುಕಿಸಿದರು. ಹನಿ ಬಿದ್ದಾಗೆಲ್ಲ ಕಪ್ಪೆ ಕಣ್ಣುಗುಡ್ಡೆಗಳನ್ನು ಒಳಕ್ಕೆಳೆದುಕೊಂಡು ಮತ್ತೆ ಹೊರಗೆ ತಳ್ಳುತ್ತಿತ್ತು. ಗಂಟಲು ಸಣ್ಣಗೆ ಅದುರುತ್ತಿತ್ತು, ಅದು ಉಸಿರು ನುಂಗುವ ಕ್ರಮ. ಸೋಬಾನೆ ಶುರುವಾಯಿತು.

ಹಾಡಿನ ನಡುವೆ ಯಾರ ಕಣ್ಣು ಎಲ್ಲಿ ಹೋಯಿತೋ, ದನಿಗಳು ಒಂದೊಂದಾಗಿ ಇಳಿದವು. ಇಟ್ಟಿಗೆಯ ಮೇಲೆ ಕೂತಿದ್ದ ಸೊಸೆ ಘಮೇಲದ ಬಳೆಗಳನ್ನೇ ನೋಡುತ್ತಿದ್ದಳು. ಅವಳ ಮುಂಗೈಯಲ್ಲಿ ಎರಡು ಹಳೆಯ ಪ್ಲಾಸ್ಟಿಕ್ ಬಳೆಗಳಿದ್ದವು.

"ಇಕಿದೇ ಆಗಿಲ್ಲ ಕುಬಸ," ಎಂದಳು ಭುಜದೆತ್ತರದ ಗಂಡನವಳು, ಮೆಲ್ಲಗೆ.

ದೊಡ್ಡವ್ವ ತಲೆಯೆತ್ತಲಿಲ್ಲ. "ನಾ ಮಾಡಂಗಿಲ್ಲಲ್ಲೇ. ತವರವರು ತರಬೇಕು ಕಣಾ. ಇಕಿಗಿ ಅವ್ವ ಇಲ್ಲ, ಯಾರೂ ಇಲ್ಲ. ತವರಿಲ್ದಾಕಿಗಿ ಯಾರು ತರ್ತಾರ?"

ನನ್ನ ಬಾಯಲ್ಲಿ ವಾಕ್ಯವೊಂದು ಆಗಲೇ ಸಿದ್ಧವಾಗುತ್ತಿತ್ತು. ತರುವವರು ಯಾರಾದರೇನು, ನಿಯಮ ಮಾಡಿದವರು ಯಾರು, ಇತ್ಯಾದಿ. ಪಕ್ಕಕ್ಕೆ ನೋಡಿದರೆ ಅಮ್ಮ ಇರಲಿಲ್ಲ. ತಗಡಿನ ಗೇಟಿನ ಹತ್ತಿರ ಅವಳ ಸೆರಗು ಕಂಡಿತು, ಆಮೇಲೆ ಅದೂ ಇಲ್ಲ.

ಲಿಫ್ಟ್ ಕೆಟ್ಟಿತ್ತು. ಮೂರು ಮಾಳಿಗೆ ಹತ್ತಿ ಇಳಿದು, ಏದುಸಿರು ಬಿಡುತ್ತಾ ವಾಪಸು ಬಂದ ಅಮ್ಮನ ಕೈಯಲ್ಲಿ ಒಂದು ಹಸಿರು ರೇಷ್ಮೆ ಸೀರೆಯಿತ್ತು. ಮೇಲೆ ಕಣ, ತೆಂಗಿನಕಾಯಿ, ಒಂದು ಪಾವಿನಷ್ಟು ಅಕ್ಕಿ, ಫ್ರಿಜ್‌ನಲ್ಲಿದ್ದ ನಾಲ್ಕು ಬಾಳೆಹಣ್ಣು.

"ಅಮ್ಮ, ಇದು..."

"ನಿನ್ನ ಮದುವೆಗೆ ಅಂತ ಇಟ್ಟದ್ದು. ಗೊತ್ತುಂಟು. ನೀನು ವಾದ ಮಾಡಿ ಮಾಡಿ ಆ ಸೀರೆಗೆ ನುಸಿ ಬೀಳ್ತದೆ." ಎಂದವಳು ದೊಡ್ಡವ್ವನ ಕಡೆ ತಿರುಗಿದಳು. "ತವರು ಅಂದ್ರೆ ದೂರ ಇರ್ಬೇಕು ಅಂತ ಉಂಟಾ? ಆ ಕಟ್ಟಡದ ಮೂರನೇ ಮಾಳಿಗೆ, ಎಡಗಡೆ ಬಾಗಿಲು. ಅದು ಇವಳ ತವರು ಅಂತ ಬರ್ಕೊಳ್ಳಿ."

ದೊಡ್ಡವ್ವ ಮಣೆಯ ಬದಲಿಗೆ ಒಂದು ಸೆಂಟ್ರಿಂಗ್ ಹಲಗೆಯನ್ನು ಒರೆಸಿ ಹಾಕಿದಳು. ಹುಡುಗಿಯನ್ನು ಕೂರಿಸಿದರು. ಸೀರೆ ಉಡಿಸುವಷ್ಟು ಜಾಗವಿರಲಿಲ್ಲ, ಹೊದಿಸಿದರು. ಘಮೇಲದ ಅಂಚಿನಿಂದ ಬಳೆಗಳನ್ನು ಒಂದೊಂದಾಗಿ ತೆಗೆದು ಅವಳ ಕೈಗೆ ಏರಿಸಿದರು. ಕೊನೆಯದು ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅಮ್ಮ ಅವಳ ಬೆರಳುಗಳನ್ನು ಒಟ್ಟುಮಾಡಿ ಹಿಡಿದು, ನನ್ನ ಕೈಗೆ ಸಣ್ಣವಳಿದ್ದಾಗ ಮಾಡುತ್ತಿದ್ದಂತೆ, ಒಂದು ಸಲ ಊದಿ, ಮೆಲ್ಲಗೆ ದಾಟಿಸಿದಳು. ಹುಡುಗಿ ಅಳುತ್ತಿದ್ದಳು, ಆದರೆ ಬಾಳೆಹಣ್ಣು ತಿನ್ನುತ್ತಲೂ ಇದ್ದಳು.

ಅಷ್ಟರಲ್ಲಿ ಕಟ್ಟಡದ ಕೆಲಸದ ಸೂಪರ್‌ವೈಸರ್ ಇಣುಕಿ, ಏನು ನಡೆದಿದೆ ಎಂದು ಹಿಂದಿಯಲ್ಲಿ ಕೇಳಿದ. "ಕ್ಯಾ ಚಲ್ ರಹಾ ಹೈ ಇಧರ್?"

"ಗೋದ್ ಭರಾಯಿ," ಎಂದೆ. ಉಡಿ ತುಂಬುವುದಕ್ಕೆ ಅವರಲ್ಲಿ ಹಾಗೆನ್ನುತ್ತಾರೆ.

"ಕಿಸ್‌ಕೀ?"

"ದೋನೋಂಕೀ." ಇಬ್ಬರದೂ ಎಂದೆ.

ಎರಡನೆಯವಳನ್ನು ನೋಡಿ ಅವನು ಹಿಂದೆ ಸರಿದ. ಕಪ್ಪೆಯೆಂದರೆ ಅವನಿಗೆ ಹೆದರಿಕೆ. ಅದೇ ಹೆದರಿಕೆಯನ್ನು ಬಳಸಿಕೊಂಡು, ಗುಂಡಿಯ ಹಳಿಯ ಕಡೆಯ ಮೂಲೆಯನ್ನು ಮಳೆ ಬೀಳುವ ತನಕ ಕೆದಕುವುದಿಲ್ಲ ಎಂದು ಒಪ್ಪಿಸಿದೆ. ಕಾಂಕ್ರೀಟಿಗೆ ಹಾಯಿಸುವ ಕ್ಯೂರಿಂಗ್ ನೀರು ಹರಿದು ನಿಂತು ಅಲ್ಲಿ ಸದಾ ಕೆಸರು. ಒದ್ದೆ ಗೋಣಿ ಹಾಸಿ ಜೋಡಿಯನ್ನು ಬಿಟ್ಟೆವು. ದೊಡ್ಡದು ಸ್ವಲ್ಪ ಹೊತ್ತು ಕೂತು, ಹೊಟ್ಟೆಯನ್ನು ಕೆಸರಿಗೆ ಒತ್ತಿ, ನಾವೆಲ್ಲ ನೋಡುತ್ತಿರುವಾಗ ಕುಡಿಯಿತು. ಆಮೇಲೆ ಗೋಣಿಯ ಕೆಳಗೆ ಹಿಂದು ಹಿಂದಾಗಿ ಸರಿದು ಕಾಣದಾಯಿತು.

ಮಳೆ ಮರುದಿನ ಬರಲಿಲ್ಲ. ಅದರಾಚೆಯ ದಿನವೂ ಬರಲಿಲ್ಲ. ನನಗೆ ಸುಮ್ಮನಿರಲಾಗಲಿಲ್ಲ, ದೊಡ್ಡವ್ವನನ್ನು ಕೇಳಿದೆ.

"ಹೆಂಗ ಬರ್ತದ?" ಎಂದಳು ಅವಳು ರೊಟ್ಟಿ ಬಡಿಯುತ್ತಾ. "ಮದಿವಿ ಆಗಿಲ್ಲಲ್ಲ."

ಈ ಸಿದ್ಧಾಂತವನ್ನು ಸುಳ್ಳೆಂದು ತೋರಿಸುವ ದಾರಿ ಯಾವುದೂ ಇಲ್ಲ, ಆದ್ದರಿಂದ ಇದು ಸಿದ್ಧಾಂತವೇ ಅಲ್ಲ ಎಂದು ಅವಳಿಗೆ ಹೇಳಬೇಕೆಂದಿದ್ದೆ. ಆದರೆ ನನ್ನ ಮನಸ್ಸು ಬೇರೆ ಕಡೆ ಇತ್ತು. ಮಳೆ ತೀರ ತಡವಾದರೆ ಹೆಣ್ಣು ಕಪ್ಪೆ ಮೊಟ್ಟೆಗಳನ್ನು ಇಡದೆ, ತನ್ನ ಮೈಯೊಳಗೇ ಕರಗಿಸಿಕೊಂಡುಬಿಡಬಹುದು. ಒಂದು ವರ್ಷದ ಸಂಸಾರ ಅಲ್ಲಿಗೆ ಮುಗಿಯುತ್ತದೆ. ಈ ಜಾಗಕ್ಕೆ ಮುಂದಿನ ವರ್ಷ ಎಂಬುದೂ ಇರಲಿಲ್ಲ. ಕಾಲೇಜಿನಿಂದ ಬಂದವಳು ಬಾಲ್ಕನಿಯಲ್ಲಿ ನಿಂತು ಆ ಮೂಲೆಯನ್ನು ನೋಡುವುದು ರೂಢಿಯಾಯಿತು. ಒಳಗೆ, ಫ್ಯಾನಿನ ಕೆಳಗೆ, ಚಾಪೆಯ ಮೇಲೆ ದೊಡ್ಡವ್ವನ ಸೊಸೆ ಮಲಗಿರುತ್ತಿದ್ದಳು. ಕುಬಸದ ಮರುದಿನವೇ ಯಾರೂ ಕರೆಯದೆ ಬಂದಿದ್ದಳು. ಬಾಗಿಲು ತಟ್ಟಲಿಲ್ಲ, ತೆರೆದುಕೊಂಡೇ ಬಂದಳು ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಕಾಲು ಚಾಚಿ, ಬಾಯಿ ಸ್ವಲ್ಪ ತೆರೆದು, ಗೊರಕೆ ಕೂಡ ಹೊಡೆಯುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ ಮಳೆ ಬಿತ್ತು. ಡೊಂಬಿವ್ಲಿಯ ಕಡೆಯಿಂದ ಕಪ್ಪಗೆ ಎದ್ದು ಬಂದು, ಲೋಕಲ್‌ಗಳನ್ನು ನಿಲ್ಲಿಸಿ, ಮಧ್ಯಾಹ್ನದ ಹೊತ್ತಿಗೆ ಪಾಯದ ಗುಂಡಿಯನ್ನು ತುಂಬಿತು. ಕೂಗು ಶುರುವಾಯಿತು. ಅವೆರಡೇ ಉಳಿದಿವೆ ಎಂದುಕೊಂಡಿದ್ದೆನಲ್ಲ, ತಪ್ಪು, ಸುಮಾರು ಇದ್ದವು. ನಾನು ಕೊಡೆ ಹಿಡಿದು ಓಡಿದೆ. ದೊಡ್ಡವ್ವ ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದು ಗುಂಡಿಯ ಅಂಚಿನಲ್ಲಿ ಆಗಲೇ ಕುಕ್ಕರಗಾಲಲ್ಲಿ ಕೂತಿದ್ದಳು. ನೀರಿನಲ್ಲಿ ಗಂಡುಗಳು ಅಡಿಯಿಂದ ಮುಡಿಯವರೆಗೆ ಹಳದಿಯಾಗಿದ್ದವು. ಕೂಡುವ ದಿನದ ಬಣ್ಣ ಅದು, ಒಂದೆರಡು ದಿನಕ್ಕೆ ಬಂದು ಹೋಗುತ್ತದೆ. ಗಂಟಲ ಎರಡೂ ಬದಿಗೆ ನೀಲಿ ಗುಳ್ಳೆಗಳು ಉಬ್ಬಿ ಇಳಿಯುತ್ತಿದ್ದವು.

"ನೋಡಿಲ್ಲಿ," ಎಂದಳು ದೊಡ್ಡವ್ವ. "ನೀ ಅರಿಷಿಣ ಬ್ಯಾಡಂದಿ. ಅವು ತಾವೇ ಹಚಗೊಂಡು ಬಂದಾವ."

ನಮ್ಮವಳು ಯಾರು ಎಂದು ಹುಡುಕಿದೆವು. ಗುರುತು ಸಿಗಲಿಲ್ಲ. ದೊಡ್ಡವ್ವ ಒಂದನ್ನು ತೋರಿಸಿ ಇಕಿ ಎಂದಳು, ಆಮೇಲೆ ಇನ್ನೊಂದನ್ನು ತೋರಿಸಿ ಅಕಿ ಎಂದಳು. ನನಗೆ ಗೊತ್ತಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಗುಂಡಿಯ ಮೇಲ್ಮೈಯಲ್ಲಿ, ಅಂಚಿನ ಹುಲ್ಲಿಗೆ ತಾಗಿ, ಕರಿಎಳ್ಳು ಚೆಲ್ಲಿದ ಗಂಜಿಯ ಕೆನೆಯಂತೆ ಮೊಟ್ಟೆಗಳ ಪದರ ತೇಲುತ್ತಿತ್ತು. ಆದರೆ ಸೂಪರ್‌ವೈಸರ್ ಪಂಪ್ ತರಿಸಿದ್ದ. ಪಾಯದ ನೀರು ಖಾಲಿಯಾಗಬೇಕು, ಅದು ಅವನ ಕೆಲಸ. ಮಳೆ ಬೀಳುವ ತನಕ ಎಂದು ಒಪ್ಪಿದ್ದ, ಮಳೆ ಬಿದ್ದಿತ್ತು. ಈ ಒಂದು ವಾದದಲ್ಲಿ ಅವನೇ ಸರಿ. ಚಹಾ ಕುಡಿದು ಬರುತ್ತೇನೆ, ಅಷ್ಟರೊಳಗೆ ಏನು ಬೇಕೋ ತೆಗೆದುಕೊಳ್ಳಿ ಎಂದು ಹೋದ.

ತ್ವರೆಯಿಂದ ಘಮೇಲಗಳಲ್ಲಿ ನೀರಿನ ಸಮೇತ ಮೊಟ್ಟೆಯ ಪದರಗಳನ್ನು ಎತ್ತತೊಡಗಿದೆವು. ತಗಡಿನ ಆಚೆ, ಹಳಿಯ ಬೇಲಿಗೆ ಹೊಂದಿಕೊಂಡು, ಮಳೆಗಾಲವಿಡೀ ನೀರು ನಿಲ್ಲುವ ಒಂದು ಉದ್ದನೆಯ ತಗ್ಗಿದೆ. ಅಲ್ಲಿ ಸುರಿಯುವುದು, ಬರುವುದು, ಮತ್ತೆ ತುಂಬುವುದು. ದೊಡ್ಡವ್ವ ಸೀರೆ ಕಚ್ಚೆ ಹಾಕಿ ಮೊಣಕಾಲ ನೀರಿನಲ್ಲಿ ನಿಂತಿದ್ದಳು. ಅಮ್ಮ ದಡದಲ್ಲಿ ಮಡಚಿದ ಕೊಡೆ ಹಿಡಿದು ನಿಂತು ಎಲ್ಲರಿಗೂ ಸೂಚನೆ ಕೊಡುತ್ತಿದ್ದಳು. ಸೊಸೆ ಬರಬಾರದು ಎಂದಿದ್ದರು, ಬಂದಿದ್ದಳು.

"ಇವರವ್ವ ಎಲ್ಲಿ?" ಎಂದು ಕೇಳಿದಳು ದೊಡ್ಡವ್ವ, ಮೊಟ್ಟೆಗಳನ್ನು ನೋಡುತ್ತಾ.

"ಹೋದಳು. ಇಟ್ಟು ಹೋಗೋದೇ. ತಿರುಗಿ ನೋಡಲ್ಲ."

"ಹಡದ ಕೂಡ್ಲೇ? ಬಾಣಂತನಾ ಗೀಣಂತನಾ ಇಲ್ಲ?"

"ಛಲೋ ಅದ ಬಿಡ್ರಿ ಅತ್ತಿ," ಎಂದಳು ಸೊಸೆ. "ಬಿಸಿನೀರಿಲ್ಲ, ಬೈಗುಳಿಲ್ಲ."

"ನಿನಗ ಎರಡೂ ಅದಾವ. ಹಿಂದ ಸರಿ, ಜಾರ್ತದ."

ಅವಳು ಹಿಂದೆ ಸರಿಯಲಿಲ್ಲ. ನಾನು ತುಂಬಿಟ್ಟಿದ್ದ ಸಣ್ಣ ಘಮೇಲವನ್ನು ಬೇಡವೆಂದರೂ ಎತ್ತಿಕೊಂಡು, ಹೊಟ್ಟೆಗೆ ಆನಿಸಿ ಹಿಡಿದು, ನನ್ನ ಜೊತೆ ಬೇಲಿಯ ತನಕ ನಡೆದಳು. ನೀರು ತುಳುಕದಂತೆ ನಿಧಾನಕ್ಕೆ. ಕೈಯ ಹಸಿರು ಬಳೆಗಳು ಕಬ್ಬಿಣಕ್ಕೆ ತಾಗಿ ಸದ್ದು ಮಾಡುತ್ತಿದ್ದವು. ಸುರಿಯುವ ಮೊದಲು ಬಗ್ಗಿ ನೋಡಿದಳು.

"ಇಷ್ಟೂ ಉಳೀತಾವೇನ್ರಿ ಅಕ್ಕಾ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಇಲ್ಲ. ಬಹಳಷ್ಟು ಹೋಗ್ತವೆ. ಮೀನು, ಹಕ್ಕಿ, ಬಿಸಿಲು. ಒಂದಕ್ಕೊಂದು ತಿಂದುಕೊಳ್ತವೆ ಕೂಡ. ಎಲ್ಲೋ ಕೆಲವು ಉಳೀತವೆ."

ಅವಳು ಘಮೇಲವನ್ನು ಇಳಿಸಲಿಲ್ಲ. "ನಂದ ಒಂದೇ ಅದ್ರಿ," ಎಂದಳು.

ಎಷ್ಟೋ ದಿನದಿಂದ ಆ ಅಂಜಿಕೆಯನ್ನು ಹೊತ್ತು ತಿರುಗುತ್ತಿದ್ದಳು, ಹೇಳಲು ಜಾಗ ಸಿಕ್ಕಿರಲಿಲ್ಲ ಎಂದು ಆಗ ತಿಳಿಯಿತು. ನಾನು ಘಮೇಲದ ಇನ್ನೊಂದು ಅಂಚು ಹಿಡಿದೆ.

"ಅವಳು ಅಷ್ಟು ಇಡೋದು ಯಾಕೆ ಗೊತ್ತಾ? ನೋಡಿಕೊಳ್ಳೋಕೆ ಯಾರೂ ಇಲ್ಲ ಅಂತ. ಯಾರಾದರೂ ಇದ್ದರೆ ಅಷ್ಟು ಬೇಕಾಗಲ್ಲ. ಒಂದು ಸಾಕು."

ಅವಳು ಹಿಂದೆ ತಿರುಗಿ ನೋಡಿದಳು. ಅಲ್ಲಿ, ನೀರಿನಲ್ಲಿ ನಿಂತವಳೂ ದಡದಲ್ಲಿ ನಿಂತವಳೂ ಕೆಲಸ ಬಿಟ್ಟು ಜಗಳಕ್ಕಿಳಿದಿದ್ದರು. ಬಾಣಂತಿಗೆ ಮೊದಲ ವಾರ ಅಂಟಿನುಂಡಿಯೇ ಆಗಬೇಕೆಂದು ದೊಡ್ಡವ್ವ, ಈ ಸೆಕೆಗೆ ಅದು ದಕ್ಕುವುದಿಲ್ಲ, ಕುಚ್ಚಲಕ್ಕಿ ಗಂಜಿ ಮತ್ತು ಬೆಳ್ಳುಳ್ಳಿ ಲೇಹ್ಯ ಎಂದು ಅಮ್ಮ. "ಗಂಜಿ ಕುಡದ್ರ ಹಾಲ ಬರ್ತಾವೇನ್ರಿ?" ಎಂದು ಒಬ್ಬಳು, "ಇವಳನ್ನು ಹಡೆದದ್ದು ಗಂಜಿ ಕುಡಿದೇ ಮಾರಾಯ್ತಿ, ಇವತ್ತಿಗೂ ಬಾಯಿ ನಿಂತಿಲ್ಲ," ಎಂದು ನನ್ನ ಕಡೆ ಕೈ ತೋರಿಸಿ ಇನ್ನೊಬ್ಬಳು.

ಹುಡುಗಿ ನಕ್ಕಳು. ನಾವಿಬ್ಬರೂ ಬಗ್ಗಿ, ಘಮೇಲವನ್ನು ನೀರಿನ ಮಟ್ಟಕ್ಕೆ ಇಳಿಸಿ, ಮೆಲ್ಲಗೆ ಓರೆ ಮಾಡಿದೆವು.